‘ಎಂಟ್ರೋಪಿ’ ಶಬ್ದದ ವ್ಯುತ್ಪತ್ತಿಯೂ ಅರ್ಥನಿರ್ಣಯವೂ

(ಉಪನ್ಯಾಸ)



ಒಂದು ದೇಶದಲ್ಲಿ ಹುಟ್ಟಿದ ಶಬ್ದವು ಇನ್ನೊಂದು ದೇಶಕ್ಕೆ ಬರುವಾಗ ಅದರ ಅರ್ಥವೂ ಸಂಗಡವೇ ಬರುವುದೆಂಬ ನಿಯಮವಿಲ್ಲ. ಎಷ್ಟೋ ಸಲ ಶಬ್ದವು ಮುಂದಾಗಿ ಬಂದುಬಿಡುತ್ತದೆ. ಅರ್ಥವು ಹಿಂದೆಯೇ ಉಳಿದುಕೊಳ್ಳುತ್ತದೆ. ಆಗ ಬರಿಗೈಯಿಂದ ಬಂದ ಆ ಶಬ್ದಕ್ಕೆ ಇಲ್ಲಿಯವರು ತಮಗೆ ತೋರಿದ ಅರ್ಥವನ್ನು ತೊಡಿಸುತ್ತಾರೆ. ಉಷ್ಣಗತಿವಿಜ್ಞಾನದಲ್ಲಿ ಹುಟ್ಟಿದ ‘ಎಂಟ್ರೋಪಿ’ ಎಂಬ ಶಬ್ದಕ್ಕೆ ಒದಗಿರುವ ಗತಿಯು ಇದೇ ಆಗಿರುತ್ತದೆ. ಅದನ್ನು ಕೆಲವರು ನಾಶವೆಂದೂ, ಕೆಲವರು ಅವ್ಯವಸ್ಥೆಯೆಂದೂ, ಮತ್ತೆ ಕೆಲವರು ಶಕ್ತಿಯ ಕ್ಷಯವೆಂದೂ ಹೇಳುವರು. ಪ್ರವಚನಕಾರರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಲೋಕವು ದಿನದಿನಕ್ಕೆ ಕೆಡುತ್ತಲೇ ಹೋಗತಕ್ಕದ್ದೆಂಬುದಕ್ಕೆ ಪಾಶ್ಚಾತ್ಯ ವಿಜ್ಞಾನವೇ ಸಾಕ್ಷಿ ನುಡಿದಿದೆಯೆಂದು ಈ ಶಬ್ದವನ್ನು ಎತ್ತಿ ತೋರಿಸುವುದುಂಟು.

ಇದು ಬರಿಯ ಶಬ್ದದ ಜಗಳವಲ್ಲ. ಸದ್ಬೋಧೆಯನ್ನು ಮಾಡತಕ್ಕವರು ತಮ್ಮ ಮಾತಿಗೆ ತಪ್ಪಾದ ಊರುಗೋಲನ್ನು ಕೊಟ್ಟರೆ, ಆ ಊರುಗೋಲು ಮುರಿದ ದಿನ ಮಾತೂ ಅದರೊಡನೆ ಬೀಳುವುದು. ಸಭೆಯಲ್ಲಿ ಕುಳಿತ ಕಾಲೇಜಿನ ಒಬ್ಬ ವಿದ್ಯಾರ್ಥಿಯು ಆ ಶಬ್ದದ ನಿಜಾರ್ಥವನ್ನು ಬಲ್ಲವನಾಗಿದ್ದರೆ, ಅವನಿಗೆ ಆ ಶಬ್ದದ ಮೇಲೆ ಮಾತ್ರವಲ್ಲ, ಅದನ್ನು ನುಡಿದವರ ಉಳಿದ ಎಲ್ಲ ಮಾತುಗಳ ಮೇಲೆಯೂ ಸಂಶಯವು ಹುಟ್ಟುವುದು. ಆದುದರಿಂದ ಈ ಶಬ್ದದ ಹುಟ್ಟೇನು, ಅದರ ಸರಿಯಾದ ಲಕ್ಷಣವೇನು, ಕನ್ನಡದಲ್ಲಿ ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ವಿಚಾರಿಸತಕ್ಕದ್ದು.

ಶಬ್ದಗಳು ಅರ್ಥವನ್ನು ಹೇಳುವ ಬಗೆಯಲ್ಲಿ ನಮ್ಮ ಶಾಸ್ತ್ರಕಾರರು ಭೇದಗಳನ್ನು ಮಾಡಿರುವರು. ಅವಯವಗಳ ಅರ್ಥದಿಂದಲೇ ಪೂರ್ಣಾರ್ಥವು ತಿಳಿಯುವಂಥದು ಯೌಗಿಕ. ‘ಪಾಚಕ’ ಎಂದರೆ ಅಡಿಗೆ ಮಾಡುವವನು. ಅವಯವಾರ್ಥವನ್ನು ಲೆಕ್ಕಿಸದೆ ರೂಢಿಯಿಂದಲೇ ತಿಳಿಯುವಂಥದು ರೂಢ. ‘ಗೋ’ ಶಬ್ದಕ್ಕೆ ಹೋಗುವಂಥದೆಂದು ವ್ಯುತ್ಪತ್ತಿಯನ್ನು ಹೇಳಿದರೂ ಮಲಗಿದ ಆಕಳೂ ಗೋವೇ, ನಡೆಯುವ ಮನುಷ್ಯನು ಗೋವಲ್ಲ. ಇನ್ನು ವ್ಯುತ್ಪತ್ತಿ ರೂಢಿಗಳೆರಡೂ ಕೂಡಿ ಅರ್ಥವನ್ನು ಕೊಡುವಂಥದು ಯೋಗರೂಢ. ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ‘ಪಂಕಜ’ವಲ್ಲ, ತಾವರೆಯೊಂದೇ ಪಂಕಜ. ಎಂಟ್ರೋಪಿ ಎಂಬುದು ಈ ಮೂರನೆಯ ಬಗೆಯದು. ಅದರ ಅವಯವಗಳನ್ನು ಬಿಡಿಸಿದರೆ ಸ್ವಲ್ಪ ಬೆಳಕು ದೊರೆಯುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಕೆಸರನ್ನು ಕಂಡು ತಾವರೆಯನ್ನು ಕಾಣದೆ ಹಿಂದಿರುಗಿದಂತೆ ಆಗುವುದು.

ಮೊದಲು ಅವಯವಗಳನ್ನು ನೋಡುವ. ಈ ಶಬ್ದವನ್ನು ಕಟ್ಟಿದವನು ರುಡಾಲ್ಫ್ ಕ್ಲೌಸಿಯಸ್ ಎಂಬ ಜರ್ಮನ್ ಪಂಡಿತನು. ಅವನು 1822ರಲ್ಲಿ ಪ್ರಶಿಯಾದ ಕೋಸ್ಲಿನ್ ಊರಲ್ಲಿ ಹುಟ್ಟಿದವನು. 1855ರಿಂದ ಸ್ವಿಟ್ಜರ್ಲಂಡಿನ ಜೂರಿಕ್ ನಗರದಲ್ಲಿ ಅಧ್ಯಾಪಕನಾಗಿದ್ದವನು. ಅಲ್ಲಿದ್ದಾಗಲೇ 1865ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಹೆಸರನ್ನು ಇಟ್ಟನು. ಗ್ರೀಕ್ ಭಾಷೆಯಲ್ಲಿ ‘ಎನ್’ ಎಂದರೆ ಒಳಗೆ, ‘ತ್ರೋಪೇ’ ಎಂದರೆ ತಿರುಗುವಿಕೆ, ಪರಿವರ್ತನೆ. ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ ಹಿಂದಿರುಗುವ ಸಂಧಿಗೂ ಗ್ರೀಕರು ‘ತ್ರೋಪೇ’ ಎಂದೇ ಅನ್ನುತ್ತಿದ್ದರು. ಭೂಗೋಲದ ಮೇಲೆ ಎಳೆಯುವ ಕರ್ಕಾಟಕ ಮಕರ ವೃತ್ತಗಳಿಗೆ ಇಂಗ್ಲಿಷಿನಲ್ಲಿ ‘ಟ್ರಾಪಿಕ್’ ಎಂಬ ಹೆಸರು ಬಂದುದು ಅದರಿಂದಲೇ. ನಮ್ಮ ಅಯನ ಶಬ್ದದ ನೆರೆಹೊರೆಯಲ್ಲಿ ಅದು ಇರುತ್ತದೆಂದು ತಿಳಿದರೆ ಸಾಕು.

ಇದಕ್ಕಿಂತಲೂ ಸಮೀಪದ ಒಂದು ಸಂಬಂಧವನ್ನು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಗ್ರೀಕಿನ ‘ತ್ರೇಪೋ’ (ತಿರುಗಿಸುತ್ತೇನೆ) ಎಂಬ ಕ್ರಿಯಾಪದಕ್ಕೂ ಸಂಸ್ಕೃತದ ‘ತ್ರಪ್’ ಧಾತುವಿಗೂ ಮೂಲವು ಒಂದೇ ಎಂದು ಅವರ ಮತ. ಧಾತುಪಾಠವು ಈ ಧಾತುವಿಗೆ ಲಜ್ಜೆಯ ಅರ್ಥವನ್ನು ಹೇಳಿದೆ. ‘ತ್ರಪೆ’ ಎಂದರೆ ನಾಚಿಕೆ. ನಾಚಿದವನು ಮುಖವನ್ನು ಅತ್ತ ತಿರುಗಿಸಿಕೊಳ್ಳುವನಷ್ಟೆ! ಒಂದೇ ಬೇರಿನಿಂದ ಒಡೆದ ಎರಡು ಕೊಂಬೆಗಳಲ್ಲಿ ಒಂದು ಗ್ರೀಸಿಗೆ ಹೋಗಿ ‘ತಿರುಗು’ ಎಂಬ ಅರ್ಥವನ್ನೇ ಉಳಿಸಿಕೊಂಡಿತು. ಇನ್ನೊಂದು ಭರತಖಂಡಕ್ಕೆ ಬಂದು ತಿರುಗಿದ ಮುಖದ ನಾಚಿಕೆಯನ್ನು ಹಿಡಿದುಕೊಂಡಿತು.

ಕ್ಲೌಸಿಯಸನು ಈ ಹೆಸರನ್ನೇ ಏಕೆ ಆರಿಸಿದನು? ಅದಕ್ಕೆ ಅವನೇ ಎರಡು ಕಾರಣಗಳನ್ನು ಕೊಟ್ಟಿರುವನು. ಶಾಸ್ತ್ರದಲ್ಲಿ ಮಹತ್ವವುಳ್ಳ ಪರಿಮಾಣಗಳ ಹೆಸರುಗಳನ್ನು ಪ್ರಾಚೀನ ಭಾಷೆಗಳಿಂದ ತೆಗೆದುಕೊಂಡರೆ ಎಲ್ಲ ಜೀವಂತ ಭಾಷೆಗಳಲ್ಲಿಯೂ ಅವು ಒಂದೇ ರೂಪದಿಂದ ನಡೆಯಬಲ್ಲವೆಂಬುದು ಮೊದಲನೆಯದು. ‘ಎನರ್ಜಿ’ ಎಂಬ ಹೆಸರಿಗೆ ಸಮೀಪವಾದ ಧ್ವನಿಯು ಇದಕ್ಕೆ ಬೇಕು, ಏಕೆಂದರೆ ಈ ಎರಡು ಪರಿಮಾಣಗಳೂ ತಮ್ಮ ಅರ್ಥದಲ್ಲಿ ಹತ್ತಿರದ ನಂಟುಳ್ಳವು ಎಂಬುದು ಎರಡನೆಯದು. ಎನರ್ಜಿ ಶಬ್ದದಲ್ಲಿರುವ ‘ಎರ್ಗಾನ್’ ಎಂದರೆ ಕೆಲಸ. ನಮ್ಮವರ ಮಾತಿನಲ್ಲಿ ಹೇಳಬೇಕಾದರೆ ಕಾಯಕ. ಒಂದು ವಸ್ತುವಿನಲ್ಲಿ ಅಡಗಿರುವ ಕೆಲಸದ ಅಳತೆಯು ಎನರ್ಜಿಯಾದರೆ, ಅದರಲ್ಲಿ ಅಡಗಿರುವ ಪರಿವರ್ತನದ ಅಳತೆಯು ಎಂಟ್ರೋಪಿ. ‘ಪರಿವರ್ತನದ ಒಳಹುರುಳು’ ಎಂಬ ಅರ್ಥದ ಜರ್ಮನ್ ಶಬ್ದವೊಂದನ್ನೂ ಅವನು ಮುಂದಿಟ್ಟು, ಅದಕ್ಕಿಂತ ಗ್ರೀಕ್ ಹೆಸರೇ ಲೇಸೆಂದು ನಿರ್ಧರಿಸಿದನು. ಎನರ್ಜಿಗೆ ಕನ್ನಡದಲ್ಲಿ ಶಕ್ತಿಯೆಂಬ ಹೆಸರು ನಡೆದಿದೆ. ಇಲ್ಲಿ ಶಕ್ತಿಯೆಂದರೆ ಕೆಲಸ ಮಾಡಲು ಒದಗುವ, ಅಳೆದು ಹೇಳಬಹುದಾದ ಪರಿಮಾಣವೇ ಹೊರತು ಸಿದ್ಧಾಂತಗ್ರಂಥಗಳ ಚಿಚ್ಛಕ್ತಿಯಲ್ಲವೆಂಬುದನ್ನು ಸಭಿಕರು ಲಕ್ಷ್ಯದಲ್ಲಿಡಬೇಕು.

ಹೆಸರಿನ ಕಥೆಯು ಇಷ್ಟು. ಇನ್ನು ಹೆಸರಿಡಬೇಕಾದ ವಸ್ತುವು ಯಾವುದಿತ್ತೆಂಬುದನ್ನು ನೋಡಬೇಕು. ಅದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಗೋಕಾಕದ ಜಲಪಾತವೇ ಸಾಕು. ಏಕೆಂದರೆ ಈ ಶಾಸ್ತ್ರವು ಮೊಳೆತದ್ದೇ ಒಂದು ಜಲಪಾತದ ಉಪಮೆಯಿಂದ.

ಫ್ರಾನ್ಸ್ ದೇಶದ ಸಾದಿ ಕಾರ್ನೋ ಎಂಬ ತರುಣನು 1824ರಲ್ಲಿ ಬೆಂಕಿಯ ಚಾಲಕಬಲವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದನು. ಉಗಿಯಂತ್ರದಲ್ಲಿ ಉಷ್ಣವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಇಳಿಯುವುದೇ ಕೆಲಸಕ್ಕೆ ಕಾರಣ. ನೀರಿನ ಬಲವು ನೀರಿನ ಮೊತ್ತವನ್ನೂ ಧುಮುಕುವ ಎತ್ತರವನ್ನೂ ಅವಲಂಬಿಸಿರುವಂತೆ, ಉಷ್ಣದ ಬಲವು ಉಷ್ಣದ ಮೊತ್ತವನ್ನೂ ಎರಡು ಕಡೆಗಳ ತಾಪಮಾನಗಳ ಅಂತರವನ್ನೂ ಅವಲಂಬಿಸಿರುವುದು ಎಂದು ಅವನು ತರ್ಕಿಸಿದನು. ಬೆಂಕಿಯೆಷ್ಟೇ ಉರಿಯಲಿ, ಇಳಿಯಲು ತಂಪಾದ ತಗ್ಗಿಲ್ಲದಿದ್ದರೆ ಅದರಿಂದ ಯಂತ್ರವು ನಡೆಯದು. ಈ ತತ್ತ್ವವನ್ನು ಕಂಡ ಕಾರ್ನೋ 1832ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿಯೇ ಕಾಲರಾ ಬೇನೆಯಿಂದ ತೀರಿಕೊಂಡನು. ಅವನ ಉಪಮೆಯಲ್ಲಿ ಒಂದು ದೋಷವಿತ್ತು. ಧುಮುಕಿದ ನೀರು ಕೆಳಗೆ ಅಷ್ಟೇ ಇರುವಂತೆ, ಇಳಿದ ಉಷ್ಣವೂ ಒಂದಿಷ್ಟೂ ಕಡಿಮೆಯಾಗದೆ ಉಳಿಯುತ್ತದೆಂದು ಪುಸ್ತಕದಲ್ಲಿ ಬರೆದಿದ್ದನು.

ಆ ದೋಷವನ್ನು ತಿದ್ದಲು ಕಾರಣನಾದವನು ಇಂಗ್ಲಂಡದ ಜೇಮ್ಸ್ ಜೂಲ್. ಕೆಲಸವು ಉಷ್ಣವಾಗಿ ಮಾರ್ಪಡುತ್ತದೆ, ಎರಡಕ್ಕೂ ಖಚಿತವಾದ ವಿನಿಮಯದ ದರವುಂಟು ಎಂದು ಅವನು ಪ್ರಯೋಗಗಳಿಂದ ತೋರಿಸಿದನು. ಹಾಗಾದರೆ ಎತ್ತರದಿಂದ ಧುಮುಕಿದ ನೀರು ಕೆಳಗೆ ತುಸು ಬೆಚ್ಚಗಾಗಿರಬೇಕಷ್ಟೆ. ನಯಾಗರಾದ 160 ಅಡಿಗಳ ಪಾತದಲ್ಲಿ ನೀರು ಫ್ಯಾರನ್‌ಹೈಟ್ ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಬಿಸಿಯಾಗುವುದೆಂದು 1845ರಲ್ಲಿ ಅವನು ಲೆಕ್ಕ ಹಾಕಿದನು. 1847ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಆಲ್ಪ್ಸ್ ಪ್ರಾಂತದಲ್ಲಿ ಪ್ರವಾಸ ಮಾಡುತ್ತಿದ್ದಾಗಲೂ ಅವನು ಉದ್ದವಾದ ತಾಪಮಾಪಕವನ್ನು ಕೈಯಲ್ಲಿ ಹಿಡಿದಿದ್ದನೆಂದು ಅವನ ಸ್ನೇಹಿತನಾದ ವಿಲಿಯಂ ಥಾಮ್ಸನ್ ಮುಂದೆ ನೆನೆದಿರುವನು. ಅಲ್ಲಿಯ ಸಲಾಂಶ್ ಜಲಪಾತದಲ್ಲಿ ಅಳೆದು ನೋಡಲು ಹೋದರೆ ನೀರು ತುಂತುರಾಗಿ ಚೆದರಿಹೋಗಿ ಪ್ರಯತ್ನವು ಫಲಿಸಲಿಲ್ಲ.

ಜೂಲನು ಗೋಕಾಕಕ್ಕೆ ಬರಲಿಲ್ಲ. ಆದರೆ ಅವನ ಲೆಕ್ಕವು ಇಲ್ಲಿಗೂ ಸಲ್ಲುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವನ್ನೂ ಧೂಪದಾಳದ ಒಡ್ಡನ್ನೂ ದಾಟಿ ಬಂದು, ಗೋಕಾಕದ ಬಳಿ ಕುದುರೆಯ ಲಾಳದಾಕಾರದ ಬಂಡೆಯ ಮೇಲಿಂದ ಸುಮಾರು 52 ಮೀಟರು, ಅಂದರೆ 171 ಅಡಿ ಕೆಳಕ್ಕೆ ಧುಮುಕುತ್ತದೆ. ನಯಾಗರಾಕ್ಕೆ ಜೂಲನು ಹಿಡಿದ ಎತ್ತರಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಒಂದು ಲೀಟರು ನೀರನ್ನು ತೆಗೆದುಕೊಂಡರೆ, ಈ ಪಾತದಲ್ಲಿ ಅದು ಬಿಟ್ಟುಕೊಡುವ ಶಕ್ತಿಯು ಸುಮಾರು 510 ಜೂಲ್. ಜೂಲನ ಹೆಸರೇ ಈಗ ಶಕ್ತಿಯ ಅಳತೆಯ ಮಾನವಾಗಿದೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡು ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ಆದುದರಿಂದ ಧುಮುಕಿ ನೊರೆಯಾಗಿ ಶಾಂತವಾದ ನೀರು, ಗಾಳಿಯೂ ತುಂತುರೂ ಉಷ್ಣವನ್ನು ಕೊಂಡೊಯ್ಯದಿದ್ದ ಪಕ್ಷಕ್ಕೆ, ಮೇಲಿನ ನೀರಿಗಿಂತ ಡಿಗ್ರಿಯ ಎಂಟನೆಯ ಒಂದು ಪಾಲಿನಷ್ಟು ಬೆಚ್ಚಗಿರುವುದು.

ಇಲ್ಲಿ ಮುಖ್ಯವಾದ ಪ್ರಶ್ನೆಯು ಏಳುತ್ತದೆ. ಮೇಲೆ ಇದ್ದಾಗ 510 ಜೂಲ್ ಇತ್ತು. ಕೆಳಗೆ ಬಂದ ಮೇಲೆ ಉಷ್ಣರೂಪದಿಂದ 510 ಜೂಲ್ ಇದೆ. ಶಕ್ತಿಯಲ್ಲಿ ಒಂದು ಕವಡೆಯಷ್ಟೂ ನಷ್ಟವಿಲ್ಲ. ಹಾಗಾದರೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ಭೇದವೇನು? ಭೇದವು ಉಂಟು, ಮತ್ತು ಅದು ಅತ್ಯಂತ ದೊಡ್ಡದು. ಮೇಲಿನ ನೀರಿನ 510 ಜೂಲನ್ನು ಒಳ್ಳೆಯ ಚಕ್ರದ ಮೂಲಕ ಇಳಿಸಿದರೆ, ತಿಕ್ಕಾಟದ ಹಾನಿಯನ್ನು ಕಳೆದು ಉಳಿದುದೆಲ್ಲವೂ ಕೆಲಸವಾಗಬಲ್ಲದು. ಕೆಳಗಿನ ನೀರಿನಲ್ಲಿ ಬೆಚ್ಚನೆಯ ರೂಪದಲ್ಲಿ ಅಡಗಿರುವ ಅದೇ 510 ಜೂಲಿನಿಂದ, ಸುತ್ತಲಿನ ವಾತಾವರಣವು 27 ಡಿಗ್ರಿಯಲ್ಲಿದ್ದು ಧುಮುಕುವ ಮೊದಲು ನೀರೂ ಅಷ್ಟೇ ತಾಪದಲ್ಲಿತ್ತೆಂದು ಹಿಡಿದರೆ, ಅತಿ ನಿರ್ದುಷ್ಟವಾದ ಯಂತ್ರವೂ ಒಂದು ಜೂಲಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿನ ಕೆಲಸವನ್ನು ತೆಗೆಯಲಾರದು. ಶಕ್ತಿಯು ಅಷ್ಟೇ ಇದೆ. ಕೆಲಸಕ್ಕೆ ಒದಗುವ ಭಾಗವು ಸುಮಾರು ಐದು ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದೆ. ಶಕ್ತಿಯ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸದ ಈ ಭೇದವನ್ನು ಕಾಣಿಸಿಕೊಡುವ ಎರಡನೆಯ ಲೆಕ್ಕದ ಪುಸ್ತಕವು ಬೇಕಾಯಿತು. ಕ್ಲೌಸಿಯಸನು 1850ರಿಂದ ಹದಿನೈದು ವರ್ಷ ದುಡಿದು ಸಿದ್ಧಪಡಿಸಿದ್ದು ಆ ಎರಡನೆಯ ಲೆಕ್ಕವನ್ನೇ. ಅದಕ್ಕೆ ಇಟ್ಟ ಹೆಸರೇ ಎಂಟ್ರೋಪಿ.

ಅದರ ಲಕ್ಷಣವು ಸಂಕ್ಷಿಪ್ತವಾಗಿದೆ. ಒಂದು ವಸ್ತುವಿಗೆ ಹಿಂದುಮುಂದಾಗಿ ನಡೆಯಬಲ್ಲ ನಿಧಾನಕ್ರಮದಿಂದ ಉಷ್ಣವು ಸೇರಿದಾಗ, ಸೇರಿದ ಉಷ್ಣವನ್ನು ಆಗಿನ ತಾಪಮಾನದಿಂದ ಭಾಗಿಸಿದರೆ ಬರುವುದೇ ಆ ವಸ್ತುವಿನ ಎಂಟ್ರೋಪಿಯ ಏರಿಕೆ. ತಾಪಮಾನವನ್ನು ಇಲ್ಲಿ ಥಾಮ್ಸನ್ 1848ರಲ್ಲಿ ಸೂಚಿಸಿದ ನಿರಪೇಕ್ಷ ಮಾನದಲ್ಲಿ, ಅಂದರೆ ಸೆಂಟಿಗ್ರೇಡಿನ ಅಂಕಿಗೆ 273ನ್ನು ಕೂಡಿಸಿ ಹಿಡಿಯಬೇಕು. ಆ ಥಾಮ್ಸನ್ನನೇ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ್ದರಿಂದ ಈ ಮಾನಕ್ಕೆ ಅವನ ಹೆಸರು ಬಂದಿತು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಬೆಳೆಗಾರರಿಗೆ ಗಾಣದ ಮನೆಯ ಒಲೆಯು ಚೆನ್ನಾಗಿ ಗೊತ್ತಿರುವುದು. ಲೆಕ್ಕಕ್ಕೆ ಅನುಕೂಲವಾಗಲೆಂದು ಆ ಒಲೆಯ ಉರಿಯು 627 ಡಿಗ್ರಿ, ಅಂದರೆ 900 ಕೆಲ್ವಿನ್ ಇದೆಯೆಂದೂ, ಹೊರಗಿನ ಗಾಳಿಯು 27 ಡಿಗ್ರಿ, ಅಂದರೆ 300 ಕೆಲ್ವಿನ್ ಇದೆಯೆಂದೂ ಇಟ್ಟುಕೊಳ್ಳುವ. ಕೊಪ್ಪರಿಗೆಗೆ ತಾಗದೆ 900 ಜೂಲ್ ಉಷ್ಣವು ಸುಮ್ಮನೆ ಗಾಳಿಗೆ ಹೋಯಿತು. ಉರಿಯು ಕಳೆದುಕೊಂಡ ಎಂಟ್ರೋಪಿಯು 900ನ್ನು 900ರಿಂದ ಭಾಗಿಸಿದರೆ 1. ಗಾಳಿಯು ಪಡೆದದ್ದು 900ನ್ನು 300ರಿಂದ ಭಾಗಿಸಿದರೆ 3. ಕೊಟ್ಟದ್ದು ಒಂದು, ಬಂದದ್ದು ಮೂರು. ಹೊಸದಾಗಿ ಎರಡು ಹುಟ್ಟಿತು. ಅದೇ 900 ಜೂಲನ್ನು ದೋಷವಿಲ್ಲದ ಒಂದು ಯಂತ್ರದ ಮೂಲಕ ಇಳಿಸಿದ್ದರೆ 600 ಜೂಲ್ ಕೆಲಸವಾಗಿ, 300 ಜೂಲ್ ಮಾತ್ರ ಗಾಳಿಗೆ ಸೇರುತ್ತಿತ್ತು. ಆಗ ಕೊಟ್ಟದ್ದು ಒಂದು, ಬಂದದ್ದೂ ಒಂದು. ಹೊಸದಾಗಿ ಏನೂ ಹುಟ್ಟಲಿಲ್ಲ. ಹೊಸದಾಗಿ ಹುಟ್ಟಿದ ಎರಡನ್ನು ತಂಪಿನ ತಾಪಮಾನವಾದ 300ರಿಂದ ಗುಣಿಸಿದರೆ ಬರುವ 600 ಜೂಲೇ ಕೈತಪ್ಪಿಹೋದ ಕೆಲಸ. ಹೀಗೆ ಹೊಸದಾಗಿ ಹುಟ್ಟಿದ ಎಂಟ್ರೋಪಿಯು ನಾಶವಾದ ಶಕ್ತಿಯ ಅಳತೆಯಲ್ಲ. ಕೈತಪ್ಪಿದ ಅವಕಾಶದ ಅಳತೆ. ಮುಚ್ಚಿದ ಮನೆಯ ಒಟ್ಟು ಲೆಕ್ಕದಲ್ಲಿ ಅದು ಏರಬಹುದು, ಇದ್ದಂತೆ ಇರಬಹುದು, ಇಳಿಯಲಾರದು. ಈ ಮಾತನ್ನೇ ಉಷ್ಣಗತಿವಿಜ್ಞಾನದ ಎರಡನೆಯ ನಿಯಮವೆನ್ನುವರು.

ಈ ಲಕ್ಷಣವನ್ನು ಜಲಪಾತಕ್ಕೆ ಹಚ್ಚಿ ನೋಡಿದರೆ ಒಂದು ಸ್ವಾರಸ್ಯವು ತೋರುವುದು. ಧುಮುಕಿ ಬೆಚ್ಚಗಾದ ಒಂದು ಲೀಟರು ನೀರು ಕೊನೆಗೆ ತನ್ನ 510 ಜೂಲನ್ನು 300 ಕೆಲ್ವಿನ್ನಿನ ಸುತ್ತುಮುತ್ತಲಿಗೆ ಬಿಟ್ಟುಕೊಟ್ಟಾಗ ಹುಟ್ಟಿದ ಎಂಟ್ರೋಪಿಯು 1.7. ಇನ್ನು ಅದೇ ನೀರನ್ನು ಬಂಡೆಯ ಮೇಲೆ ಬೀಳಗೊಡದೆ ಕೊಳವೆಯಿಂದ ಇಳಿಸಿ ಚಕ್ರವನ್ನು ತಿರುಗಿಸಿದರೇನಾಗುವುದು? ಗೋಕಾಕದಲ್ಲಿ ನಡೆದದ್ದೇ ಹಾಗೆ. 1880ರ ದಶಕದಲ್ಲಿ ಈ ಜಲಪಾತದ ದಡದಲ್ಲಿ ಹತ್ತಿಯ ಗಿರಣಿಯು ನಿಂತು, ಈ ನೀರಿನ ಬಲದಿಂದಲೇ ನೂಲು ತೆಗೆಯಲಾರಂಭಿಸಿತು. 1887ರಲ್ಲಿ ಇಲ್ಲಿ ಜಲಬಲದಿಂದ ವಿದ್ಯುತ್ತನ್ನೂ ಪಡೆದರೆಂಬುದು ಈ ಸ್ಥಳದ ಪ್ರಸಿದ್ಧಿ. ಚಕ್ರವನ್ನು ತಿರುಗಿಸಿದ ಆ ಬಲವು ಕದಿರುಗಳಿಗೆ ಹೋಯಿತು. ಕದಿರುಗಳ ತಿಕ್ಕಾಟದಲ್ಲಿ, ಗಾಳಿಯ ತಡೆಯಲ್ಲಿ ಬಹುತೇಕ ಎಲ್ಲವೂ ಕಟ್ಟಕಡೆಗೆ ಉಷ್ಣವೇ ಆಗಿ ಅದೇ ಗಾಳಿಯಲ್ಲಿ ಕಲೆಯಿತು. ಆಗಲೂ ಹುಟ್ಟಿದ ಎಂಟ್ರೋಪಿಯು ಲೀಟರಿಗೆ ಸುಮಾರು ಅದೇ 1.7. ಕೊನೆಯ ಲೆಕ್ಕದಲ್ಲಿ ಎರಡಕ್ಕೂ ಭೇದವಿಲ್ಲ. ಆದರೆ ಒಂದರಲ್ಲಿ ನಡುವೆ ನೂಲು ಬಂದಿತು, ಅರಿವೆ ಬಂದಿತು, ಸಾವಿರಾರು ಮನೆಗಳ ಒಲೆ ಹೊತ್ತಿತು; ಇನ್ನೊಂದರಲ್ಲಿ ಬರಿಯ ಭೋರ್ಗರೆತವು ಬಂದಿತು. ಎರಡನೆಯ ನಿಯಮವು ಕೊನೆಯನ್ನು ಹೇಳುತ್ತದೆಯೇ ಹೊರತು ನಡುವಿನದನ್ನು ಹೇಳುವುದಿಲ್ಲ. ನಡುವೆ ಏನನ್ನು ಮಾಡಿಕೊಳ್ಳಬೇಕೆಂಬುದು ಮನುಷ್ಯರಿಗೆ ಬಿಟ್ಟ ಮಾತು. ಎಂಟ್ರೋಪಿಯನ್ನು ಹೇಳಿ ಉದ್ಯೋಗಹೀನತೆಯನ್ನು ಬೋಧಿಸುವವರು ಗಮನಿಸದೆ ಬಿಟ್ಟಿರುವ ಸಂಗತಿಯು ಇದೇ.

ಇನ್ನು ತಪ್ಪು ಅರ್ಥಗಳ ಪರೀಕ್ಷೆ. ಈ ಶಬ್ದದಲ್ಲಿ ತಪ್ಪಿದವರು ಅಲ್ಪಜ್ಞರು ಮಾತ್ರವೆಂದು ಭಾವಿಸಕೂಡದು. ಸ್ಕಾಟ್ಲಂಡದ ಪೀಟರ್ ಟೇಟ್ ಎಂಬ ದೊಡ್ಡ ಪಂಡಿತನು 1868ರಲ್ಲಿ ಬರೆದ ಗ್ರಂಥದಲ್ಲಿ, ಕೆಲಸಕ್ಕೆ ಒದಗುವ ಶಕ್ತಿಗೇ ಎಂಟ್ರೋಪಿಯೆಂಬ ಹೆಸರನ್ನು ಇಟ್ಟುಬಿಟ್ಟನು. ಇದು ಕ್ಲೌಸಿಯಸನ ಅರ್ಥಕ್ಕೆ ತೀರ ವಿಪರೀತವಾದದ್ದು. ಜಗತ್ಪ್ರಸಿದ್ಧನಾದ ಮ್ಯಾಕ್ಸ್‌ವೆಲ್ಲನೂ ಅವನನ್ನು ನಂಬಿ 1871ರ ತನ್ನ ಉಷ್ಣಸಿದ್ಧಾಂತದ ಪುಸ್ತಕದಲ್ಲಿ ಅದೇ ಅರ್ಥವನ್ನು ಬರೆದು, ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಂಡನು. ಹುಟ್ಟಿದ ಹತ್ತು ವರ್ಷಗಳೊಳಗೆ, ಹುಟ್ಟಿದ ಖಂಡದಲ್ಲಿಯೇ, ವಿದ್ವಾಂಸರ ಕೈಯಲ್ಲಿಯೇ ತಲೆಕೆಳಗಾದ ಶಬ್ದವು, ಇಲ್ಲಿಗೆ ಬಂದಾಗ ತಪ್ಪು ಅರ್ಥವನ್ನು ತಾಳಿದರೆ ಆಶ್ಚರ್ಯವಿಲ್ಲ. ಆದರೆ ಮ್ಯಾಕ್ಸ್‌ವೆಲ್ಲನಂತೆ ತಿದ್ದಿಕೊಳ್ಳುವ ಹೊಣೆಯು ಇಲ್ಲಿಯವರಿಗೂ ಉಂಟು.

‘ಅವ್ಯವಸ್ಥೆ’ ಎಂಬ ಅರ್ಥವು ಎಲ್ಲಿಂದ ಬಂದಿತು? ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ 1877ರಲ್ಲಿ ಎಂಟ್ರೋಪಿಗೂ ಎಣಿಕೆಗೂ ಇರುವ ಸಂಬಂಧವನ್ನು ಕಂಡುಹಿಡಿದನು. ಅದನ್ನು ಗೋಕಾಕದ ಆಟಿಗೆಗಳಿಂದಲೇ ತಿಳಿಯಬಹುದು. ಬಣ್ಣ ಬಳಿದ ಕಟ್ಟಿಗೆಯ ನಾಲ್ಕು ಹಣ್ಣುಗಳನ್ನು ಕಣ್ಣು ಮುಚ್ಚಿ ಎರಡು ಬುಟ್ಟಿಗಳಲ್ಲಿ ಹಾಕಿದರೆ ಒಟ್ಟು 16 ಬಗೆಗಳಾಗುವುವು. ನಾಲ್ಕೂ ಮೊದಲನೆಯ ಬುಟ್ಟಿಯಲ್ಲಿಯೇ ಬೀಳುವ ಬಗೆಯು ಒಂದೇ. ಎರಡೆರಡಾಗಿ ಹಂಚಿಹೋಗುವ ಬಗೆಗಳು ಆರು. ಹಂಚಿಕೆಯು ಹೆಚ್ಚಾಗಿ ಆಗುವುದಕ್ಕೆ ಯಾವ ದುಷ್ಟಶಕ್ತಿಯೂ ಕಾರಣವಲ್ಲ. ಅದರ ಬಗೆಗಳು ಹೆಚ್ಚು, ಅಷ್ಟೇ. ನಾಲ್ಕು ಹಣ್ಣುಗಳಿಗೆ ಇಷ್ಟಾದರೆ, ಒಂದು ಬೊಗಸೆ ನೀರಿನ ಎಣಿಸಲಾಗದಷ್ಟು ಅಣುಗಳಿಗೆ ಎಷ್ಟಾಗಬೇಕು! ಹೊರಗಿನ ಸ್ಥಿತಿಯು ಒಂದೇ ಇದ್ದರೂ ಒಳಗೆ ಎಷ್ಟು ಬಗೆಯ ವಿನ್ಯಾಸಗಳು ಸಾಧ್ಯವೋ ಆ ಎಣಿಕೆಯ ಲಾಗರಿತಮ್ಮೇ ಎಂಟ್ರೋಪಿಯ ಅಳತೆಯೆಂದು ಬೋಲ್ಟ್ಸ್‌ಮನ್ನನ ಸಿದ್ಧಾಂತ. 1906ರಲ್ಲಿ ತೀರಿಕೊಂಡ ಅವನ ಸಮಾಧಿಯು ವಿಯೆನ್ನಾ ನಗರದಲ್ಲಿದೆ. ಈ ಸೂತ್ರವನ್ನೇ ಅದರ ಮೇಲೆ ಕೆತ್ತಲಾಗಿದೆ.

ವಿನ್ಯಾಸಗಳ ಈ ಹೆಚ್ಚಳವನ್ನು ಸುಲಭವಾಗಿ ತಿಳಿಸಲೆಂದು ಉಪಾಧ್ಯಾಯರು ‘ಅವ್ಯವಸ್ಥೆ’ ಎಂದರು. ಉಪಮೆಯಾಗಿ ಅದು ನಡೆದೀತು, ಲಕ್ಷಣವಾಗಿ ನಿಲ್ಲದು. ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ದೋಷಗಳಿರಬಾರದೆಂದು ತರ್ಕಶಾಸ್ತ್ರವು ಹೇಳುವುದಷ್ಟೆ. ಕೋಣೆಯಲ್ಲಿ ಪುಸ್ತಕಗಳು ಚೆಲ್ಲಾಪಿಲ್ಲಿಯಾದರೆ, ಊರಿನ ಪಂಚರಲ್ಲಿ ಒಡಕು ಬಂದರೆ ಅದನ್ನೂ ಅವ್ಯವಸ್ಥೆಯೆನ್ನುವರು. ಆದರೆ ಅಲ್ಲಿ ಉಷ್ಣವೂ ಇಲ್ಲ, ತಾಪಮಾನವೂ ಇಲ್ಲ. ಇದು ಅತಿವ್ಯಾಪ್ತಿ. ಇತ್ತ ಸಕ್ಕರೆಯ ಗಟ್ಟಿ ಪಾಕದಲ್ಲಿ ದಾರವನ್ನು ಇಳಿಬಿಟ್ಟರೆ ದಿನಗಳೆದಂತೆ ಕಲ್ಲುಸಕ್ಕರೆಯ ಹರಳುಗಳು ತಾವಾಗಿಯೇ ಕಟ್ಟುತ್ತವೆ. ಮೂಲೆಮೂಲೆಯೂ ಸಮನಾದ ಆ ಹರಳಿಗಿಂತ ಹೆಚ್ಚಿನ ವ್ಯವಸ್ಥೆಯು ಯಾವುದಿದೆ? ಆದರೂ ಹರಳು ಕಟ್ಟುವಾಗ ಹೊರಬೀಳುವ ಉಷ್ಣವನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು ಎಂಟ್ರೋಪಿಯು ಏರಿರುತ್ತದೆ. ಕಣ್ಣಿಗೆ ವ್ಯವಸ್ಥೆಯು ಕಂಡಲ್ಲಿಯೂ ಎಂಟ್ರೋಪಿಯು ಏರಬಲ್ಲದಾದ್ದರಿಂದ ಇದು ಅವ್ಯಾಪ್ತಿ. ಎರಡು ದೋಷಗಳಿಂದ ಕೂಡಿದ ಮಾತು ಲಕ್ಷಣವೆನಿಸಲಾರದು. ಅಮೇರಿಕದ ಕ್ಲಾಡ್ ಶಾನನ್ 1948ರಲ್ಲಿ ಸಂದೇಶಗಳ ಶಾಸ್ತ್ರದಲ್ಲಿ ಇದೇ ಹೆಸರನ್ನು ಬಳಸಿದ್ದುಂಟು. ಅಲ್ಲಿಯೂ ಅದು ಗಣಿತದಿಂದ ನಿಯತವಾದ ಪರಿಮಾಣವೇ ಹೊರತು ಗೊಂದಲಕ್ಕೆ ಇಟ್ಟ ಇನ್ನೊಂದು ಹೆಸರಲ್ಲ.

ಲೋಕವು ಕೆಡುತ್ತಲೇ ಹೋಗುವುದೆಂಬುದಕ್ಕೆ ಈ ನಿಯಮವು ಸಾಕ್ಷಿಯೆಂಬ ಮಾತನ್ನು ಇನ್ನು ಪರೀಕ್ಷಿಸಬಹುದು. ಧುಮುಕಿದ ಘಟಪ್ರಭೆಯು ಮುಂದೆ ಕೃಷ್ಣೆಯನ್ನು ಸೇರಿ ಕಡಲಿಗೆ ಹೋಗುವುದು. ನಿಯಮವು ಇಳಿತವನ್ನು ಮಾತ್ರ ಹೇಳುವುದಾಗಿದ್ದರೆ ಮರುವರ್ಷ ಗೋಕಾಕದಲ್ಲಿ ನೀರೇ ಇರಕೂಡದಾಗಿತ್ತು. ಆದರೆ ಪ್ರತಿ ಮಳೆಗಾಲದಲ್ಲಿಯೂ ಜಲಪಾತವು ತುಂಬಿ ಬೀಳುತ್ತದೆ. ಕಡಲ ನೀರನ್ನು ಎತ್ತಿ ಸಹ್ಯಾದ್ರಿಯ ಮೇಲೆ ಸುರಿಸುವವನು ಸೂರ್ಯನು. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಭೂಮಿಯು ತಾನು ಪಡೆದಷ್ಟು ಶಕ್ತಿಯನ್ನೂ ಸುಮಾರು 255 ಕೆಲ್ವಿನ್ನಿನ ತಂಪು ಕಿರಣಗಳಾಗಿ ಆಕಾಶಕ್ಕೆ ಹಿಂದಿರುಗಿಸುತ್ತದೆ. ಶಕ್ತಿಯು ಬಂದಷ್ಟೇ ಹೋಗುವುದು. ಎಂಟ್ರೋಪಿಯು ಬಂದದ್ದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಹೋಗುವುದು. ಈ ದೊಡ್ಡ ಇಳಿತದ ನಡುವೆಯೇ ಮೋಡ ಮೇಲೇರುತ್ತದೆ, ಕಬ್ಬು ಬೆಳೆಯುತ್ತದೆ, ಮಗುವು ಬೆಳೆಯುತ್ತದೆ, ವಿದ್ಯೆಯು ಬೆಳೆಯುತ್ತದೆ. ಜೀವಿಗಳು ಈ ನಿಯಮವನ್ನು ಮೀರಿದವೂ ಅಲ್ಲ, ಅದಕ್ಕೆ ಬಲಿಯಾದವೂ ಅಲ್ಲ. ಹೊರಗಿನ ಇಳಿತವನ್ನು ಬಳಸಿಕೊಂಡು ಒಳಗೆ ಕಟ್ಟಿಕೊಳ್ಳುವಂಥವು. ಎರ್ವಿನ್ ಶ್ರೋಡಿಂಗರನು 1944ರಲ್ಲಿ ಜೀವದ ಸ್ವರೂಪವನ್ನು ಕುರಿತು ಬರೆದ ಕಿರುಗ್ರಂಥದಲ್ಲಿ ಇದನ್ನೇ ವಿಚಾರಿಸಿರುವನು. ಸದಾಚಾರವು ಕುಂದಿದರೆ ಅದಕ್ಕೆ ಕಾರಣಗಳನ್ನು ಜನರ ನಡೆಯಲ್ಲಿ ಹುಡುಕಬೇಕೇ ಹೊರತು ಉಷ್ಣದ ಲೆಕ್ಕದಲ್ಲಿ ಹುಡುಕತಕ್ಕದ್ದಲ್ಲ. ಉಷ್ಣದ ಮೇಲೆ ಹೊರೆ ಹೊರಿಸಿದರೆ ಜನರ ಹೊಣೆಯು ಜಾರಿಹೋಗುವುದು.

ಕೊನೆಗೆ ಕನ್ನಡದಲ್ಲಿ ಈ ಶಬ್ದವನ್ನು ಹೇಗೆ ಇಡಬೇಕೆಂಬ ವಿಚಾರ. ಸಂಸ್ಕೃತದಿಂದ ಹೊಸ ಹೆಸರನ್ನು ಕಟ್ಟುವುದು ಕಷ್ಟವಲ್ಲ. ‘ಪರಿವೃತ್ತಿ’ ಎನ್ನಬಹುದು, ಅದು ವ್ಯುತ್ಪತ್ತಿಗೆ ಸರಿಹೋದರೂ ಲೋಕದಲ್ಲಿಯೂ ಅಲಂಕಾರಶಾಸ್ತ್ರದಲ್ಲಿಯೂ ಬೇರೆ ಅರ್ಥಗಳಿಂದ ತುಂಬಿಹೋಗಿದೆ. ‘ಪರಿಣಾಮ’ ಎನ್ನಬಹುದು, ಹಾಲು ಮೊಸರಾಗಿ ಮತ್ತೆ ಹಾಲಾಗದಿರುವ ಸಾಂಖ್ಯರ ದೃಷ್ಟಾಂತವು ಇಲ್ಲಿ ಸೊಗಸಾಗಿ ಹೊಂದುವುದು. ಆದರೆ ಕನ್ನಡದಲ್ಲಿ ಪರಿಣಾಮವೆಂದರೆ ಫಲವೆಂದೇ ಜನರು ತಿಳಿಯುವರು. ‘ಅವ್ಯವಸ್ಥಾಮಾನ’ವೆಂದರೆ ಮೇಲೆ ಹೇಳಿದ ಎರಡು ದೋಷಗಳನ್ನೂ ಹೆಸರಿನಲ್ಲಿಯೇ ಹೊಲಿದಂತಾಗುವುದು. ಎಲ್ಲ ಭಾಷೆಗಳಲ್ಲಿಯೂ ಒಂದೇ ರೂಪದಿಂದ ನಡೆಯಲೆಂದೇ ಕಟ್ಟಿದ ಹೆಸರನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಲಕ್ಷಣವನ್ನು ಮಾತ್ರ ಶುದ್ಧ ಕನ್ನಡದಲ್ಲಿ ವಿವರಿಸುವುದೇ ಮೇಲು. ತತ್ಸಮ ತದ್ಭವಗಳ ಸಂಗಡ ಅನ್ಯದೇಶ್ಯಗಳಿಗೂ ಕನ್ನಡ ವ್ಯಾಕರಣವು ಸ್ಥಾನ ಕೊಟ್ಟಿದೆ. ಪೋರ್ತುಗೀಜರಿಂದ ಬಂದ ಪಗಾರ, ಚಾವಿ, ಬಟಾಟೆಗಳನ್ನು ಈ ನಾಡಿನ ಹೆಣ್ಣುಮಕ್ಕಳು ದಿನವೂ ಆಡುವರು. ಅದರಿಂದ ಕನ್ನಡವು ಬಡವಾಗಲಿಲ್ಲ. ಚಾವಿಯು ಯಾವ ದೇಶದ ಶಬ್ದವೆಂದು ಯಾರೂ ಕೇಳುವುದಿಲ್ಲ. ಬೀಗವು ತೆರೆದರೆ ಸಾಕು.

ಆದುದರಿಂದ ನಿರ್ಣಯವು ಇಷ್ಟೇ. ಎಂಟ್ರೋಪಿಯೆಂದರೆ ವ್ಯುತ್ಪತ್ತಿಯಿಂದ ಒಳಗಿನ ತಿರುಗುವಿಕೆ. ಲಕ್ಷಣದಿಂದ ಸೇರಿದ ಉಷ್ಣವನ್ನು ತಾಪಮಾನದಿಂದ ಭಾಗಿಸಿ ಬಂದ ಪರಿಮಾಣ. ಎಣಿಕೆಯಿಂದ ಒಳವಿನ್ಯಾಸಗಳ ಬಾಹುಳ್ಯದ ಅಳತೆ. ಅದು ನಾಶವಲ್ಲ, ಶಾಪವಲ್ಲ, ಕಲಿಯುಗದ ಸಾಕ್ಷಿಯೂ ಅಲ್ಲ. ಪ್ರವಚನ ಮಾಡುವವರಿಗೆ ಈ ಶಬ್ದವು ಬೇಕೇ ಆದರೆ, ಇಳಿಯುವ ನೀರು ಹೇಗಾದರೂ ಇಳಿದೇ ತೀರುವುದು, ಇಳಿಯುವಾಗ ಅದರಿಂದ ಕೆಲಸವನ್ನು ತೆಗೆದುಕೊಳ್ಳುವುದೂ ಬಿಡುವುದೂ ದಡದಲ್ಲಿರುವವರ ಕೈಯಲ್ಲಿದೆ ಎಂದು ಹೇಳಲಿ. ಆ ಮಾತಿಗೆ ವಿಜ್ಞಾನವು ನಿಜವಾಗಿಯೂ ಸಾಕ್ಷಿಯಾಗಿ ನಿಲ್ಲುವುದು.